ಏಳು ತಂತಿ ಹೋಯಿತು, ಪಾಠ ಉಳಿಯಿತು

ಮೈಸೂರು ಟಿ. ಚೌಡಯ್ಯನವರ ಹೆಸರೆತ್ತಿದರೆ ಸಾಕು, ಏಳು ತಂತಿಯ ಮಾತು ತಾನಾಗಿ ಬರುತ್ತದೆ. 1927ರ ಹೊತ್ತಿಗೆ ಅವರು ಪಿಟೀಲಿನ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಕೂಡಿಸಿದರು, ನಾದ ದಪ್ಪಗಾಯಿತು, ಕಡೆಯ ಸಾಲಿನಲ್ಲಿ ಕೂತವನಿಗೂ ಕೇಳಿಸಿತು. ಬೆಂಗಳೂರಿನಲ್ಲಿ 1980ರಲ್ಲಿ ಎದ್ದ ಅವರ ಸ್ಮಾರಕ ಭವನ ಕೂಡ ಪಿಟೀಲಿನ ಆಕಾರದ್ದೇ: ತಂತಿ, ಬಿರಡೆ, ಕಮಾನು ಎಲ್ಲವೂ ಗಾರೆಯಲ್ಲಿ ಮೂಡಿವೆ. ವಾದಕನ ನೆನಪಿಗೆ ವಾದ್ಯವನ್ನೇ ಕಟ್ಟಿ ನಿಲ್ಲಿಸಿದ್ದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ನಮ್ಮ ನೆನಪು ವಾದ್ಯದಲ್ಲಿಯೇ ಸಿಕ್ಕಿಹಾಕಿಕೊಂಡರೆ ಅದಕ್ಕಿಂತ ದೊಡ್ಡದೊಂದು ಮರೆತುಹೋಗುತ್ತದೆ. ಚೌಡಯ್ಯನವರ ಬದುಕಿನ ಮುಖ್ಯ ಕೆಲಸ ಪಿಟೀಲನ್ನು ತಿದ್ದಿದ್ದಲ್ಲ. ಪಾಠ ಹೇಳಿಸಿಕೊಂಡದ್ದು, ಆಮೇಲೆ ಪಾಠ ಹೇಳಿದ್ದು. ಈ ಸೀಮೆಯಲ್ಲಿ ಪಿಟೀಲಿನ ಚರಿತ್ರೆಯನ್ನು ಬರೆಯುವುದಾದರೆ ಅರಮನೆಯ ಪಟ್ಟಿ, ಕಛೇರಿಯ ಪಟ್ಟಿ, ಬಿರುದುಗಳ ಪಟ್ಟಿ ಹಿಡಿದು ಬರೆಯುವುದಕ್ಕಿಂತ ಯಾರು ಯಾರಿಗೆ ಪಾಠ ಹೇಳಿದರು ಎಂಬ ಸರಪಳಿ ಹಿಡಿದು ಬರೆಯುವುದು ಸರಿ. ಹಾಗೆ ಬರೆದರೆ ಮಾತ್ರ ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳಿಗೆ ಆ ಚರಿತ್ರೆಯಲ್ಲಿ ಜಾಗ ಸಿಗುತ್ತದೆ.

ಮೊದಲು ಭೂಗೋಳದ ಮಾತು. ಚೌಡಯ್ಯ 1895ರಲ್ಲಿ ಹುಟ್ಟಿದ್ದು ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ, ಅಗಸ್ತ್ಯೇಗೌಡ ಮತ್ತು ಸುಂದರಮ್ಮನವರ ಮಗನಾಗಿ. ಇಂದಿನ ನಕ್ಷೆಯಲ್ಲಿ ಅದು ಮೈಸೂರು ಜಿಲ್ಲೆಯ ನರಸೀಪುರ ತಾಲ್ಲೂಕು. ಪಕ್ಕದ ಮಳವಳ್ಳಿ ಮಂಡ್ಯ ಜಿಲ್ಲೆಗೆ ಸೇರಿದ್ದು. ಈ ಗೆರೆ ಎಳೆದದ್ದು 1939ರ ಜುಲೈ 1ರಂದು. ಅದಕ್ಕೆ ಮುಂಚೆ ಮಂಡ್ಯ, ಮದ್ದೂರು, ಮಳವಳ್ಳಿ, ನರಸೀಪುರ ಎಲ್ಲವೂ ಒಂದೇ ಮೈಸೂರು ಜಿಲ್ಲೆಯೊಳಗಿದ್ದವು. ಹುಡುಗ ಚೌಡಯ್ಯನ ಕಾಲದ ಜನಕ್ಕೆ ಮಳವಳ್ಳಿ ಬೇರೆ ಜಿಲ್ಲೆಯಾಗಿರಲಿಲ್ಲ. (ಚೌಡಯ್ಯ ಮೈಸೂರಿನ ಆಸ್ಥಾನ ವಿದ್ವಾಂಸರಾದದ್ದೂ ಅದೇ 1939ರಲ್ಲಿ. ಇದು ಬರೀ ಕಾಕತಾಳೀಯ, ಇದರಿಂದ ಏನನ್ನೂ ಸಾಧಿಸಬೇಕಾಗಿಲ್ಲ.) ಆಸ್ಥಾನದಲ್ಲಿ ಹೆಸರು ಮಾಡಿದ ಗಾಯಕ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ಯರ ಊರು ಮಳವಳ್ಳಿ ತಾಲ್ಲೂಕಿನದು. ರಂಗಗೀತೆಗಳಿಂದ ನಾಡಿಗೆಲ್ಲ ಗೊತ್ತಾದ ಸುಂದರಮ್ಮ ತಮ್ಮ ಹೆಸರಿನ ಮುಂದೆ ಮಳವಳ್ಳಿಯನ್ನೇ ಇಟ್ಟುಕೊಂಡಿದ್ದರು. ಅಂದರೆ ಕಿವಿ ಇರುವ ಜನ, ಕಂಠ ಇರುವ ಜನ ಈ ಬಯಲಿನಲ್ಲಿ ಇದ್ದೇ ಇದ್ದರು. ಹಾಗಿದ್ದೂ ಸಂಗೀತದ ಪುಸ್ತಕಗಳಲ್ಲಿ ಈ ಊರುಗಳು ವಿದ್ವಾಂಸರ ಹೆಸರಿಗೆ ಅಂಟಿಕೊಂಡ ವಿಳಾಸವಾಗಿ ಮಾತ್ರ ಕಾಣಿಸಿಕೊಳ್ಳುತ್ತವೆ, ಕಲಿಕೆಯ ಜಾಗಗಳಾಗಿ ಅಲ್ಲ. ಯಾಕೆ ಎಂಬ ಪ್ರಶ್ನೆಗೆ ಉತ್ತರ ಪಿಟೀಲಿನ ಪಾಠದ ಸ್ವಭಾವದಲ್ಲಿಯೇ ಇದೆ.

ಪಿಟೀಲು ದಕ್ಷಿಣಕ್ಕೆ ಬಂದ ಕಥೆಯನ್ನು ಸಾಮಾನ್ಯವಾಗಿ ಮದರಾಸಿನಿಂದ ಶುರುಮಾಡುತ್ತಾರೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಐರೋಪ್ಯ ವಾದಕನೊಬ್ಬನಿಂದ ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ತಂಜಾವೂರಿನ ವಡಿವೇಲು ಅದನ್ನು ತಿರುವಾಂಕೂರಿನ ಸ್ವಾತಿ ತಿರುನಾಳರ ಆಸ್ಥಾನಕ್ಕೆ ಒಯ್ದು 1834ರಲ್ಲಿ ದಂತದ ಪಿಟೀಲನ್ನು ಬಹುಮಾನವಾಗಿ ಪಡೆದರು. ಮಂಡ್ಯ ಜಿಲ್ಲೆಯ ಅಭಿಮಾನಿಗಳು ಇದಕ್ಕೂ ಹಿಂದಕ್ಕೆ ಹೋಗುತ್ತಾರೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರದಲ್ಲಿ ಹೆಂಗಸೊಬ್ಬಳು ಪಿಟೀಲು ಹಿಡಿದಿದ್ದಾಳೆ, ಬಾಲುಸ್ವಾಮಿಯವರು ಹುಟ್ಟುವ ಮೊದಲೇ ಇಲ್ಲಿ ಆ ವಾದ್ಯ ಇತ್ತು ಎಂಬ ಮಾತು ಸಂಗೀತದ ಚರಿತ್ರೆ ಬರೆದವರಲ್ಲಿ ಇದೆ. ಕೇಳಲು ಸೊಗಸಾದ ಮಾತು. ಆದರೆ ಆ ಗೋಡೆಗಳು ಕಂಡ ಏಳುಬೀಳು ಸಣ್ಣದಲ್ಲ. ಟಿಪ್ಪು ಬಿದ್ದ 1799ರ ನಂತರ ಅಲ್ಲಿ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ಸರಿಪಡಿಸಿದ. ಅವು ಮತ್ತೆ ಮಾಸಿದ ಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ 1850ರ ದಶಕದಲ್ಲಿ ಮತ್ತೊಮ್ಮೆ ಬರೆಸಲಾಯಿತು. ಹೀಗೆ ಕೈಬದಲಾದ ಗೋಡೆಯ ಮೇಲಿನ ಒಂದು ವಾದ್ಯವನ್ನು ಇಂಥ ವರ್ಷದ್ದೇ ಎಂದು ಸಾಧಿಸುವುದು ಕಷ್ಟ. ಇನ್ನು ಸಾಧಿಸಿದೆವು ಎಂದೇ ಇಟ್ಟುಕೊಳ್ಳೋಣ, ಆಗಲೂ ದಕ್ಕುವುದು ಒಂದು ವಾದ್ಯ ಈ ಊರಿಗೆ ಬಂದಿತ್ತು ಎಂಬಷ್ಟೇ. ಗೋಡೆಯ ಮೇಲಿನ ಆ ಹೆಂಗಸಿನಿಂದ ಕಲಿತ ಶಿಷ್ಯರ ಹೆಸರು ಎಲ್ಲಿಯೂ ಇಲ್ಲ. ಬಾಲುಸ್ವಾಮಿಯವರನ್ನು ಮೊದಲಿಗರೆಂದು ನಾವು ಎಣಿಸುವುದು ಪಿಟೀಲನ್ನು ಮೊದಲು ಮುಟ್ಟಿದವರೆಂದಲ್ಲ. ಅವರ ತಲೆಮಾರಿನಿಂದ ಮುಂದಕ್ಕೆ ನಮ್ಮ ಸಂಗೀತದ ಪಿಟೀಲು ಪಾಠ ತುಂಡಾಗದೆ ಬಂದಿದೆ ಎಂದು. ಮೊದಲು ಬಂದದ್ದಕ್ಕೂ ನೆಲೆ ನಿಂತದ್ದಕ್ಕೂ ಇರುವ ವ್ಯತ್ಯಾಸ ಇದು.

ಈ ಪಾಠ ಅಂದರೆ ಏನು ಎಂದು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಹೊರಗಿನವರಿಗೆ ಇಲ್ಲಿಯೇ ತಪ್ಪು ಅಭಿಪ್ರಾಯ ಮೂಡುತ್ತದೆ. ಪಶ್ಚಿಮದಲ್ಲಿ ಪಿಟೀಲಿಗೆಂದೇ ಬರೆದ ಸಂಗೀತ ಬೇಕಾದಷ್ಟಿದೆ, ಅದನ್ನು ಪಿಟೀಲುಗಾರನೇ ಕಲಿಸಬೇಕು. ಕರ್ನಾಟಕ ಸಂಗೀತದಲ್ಲಿ ಪಿಟೀಲಿಗೆಂದು ಬೇರೆ ಸರಕು ಇಲ್ಲ. ಹಾಡುವ ಹುಡುಗಿ ಕಲಿಯುವ ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ, ಕೃತಿಗಳನ್ನೇ ಪಿಟೀಲು ಹಿಡಿದವನೂ ಕಲಿಯುತ್ತಾನೆ. ಚಕ್ಕಳಮಕ್ಕಳ ಹಾಕಿ ಕೂತು, ವಾದ್ಯದ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಊರಿ, ಇನ್ನೊಂದು ತುದಿಯನ್ನು ಎದೆಗೆ ಒತ್ತಿಕೊಂಡರೆ ಎಡಗೈಗೆ ವಾದ್ಯದ ಭಾರ ಹೊರುವ ಕೆಲಸ ತಪ್ಪುತ್ತದೆ; ಬೆರಳು ತಂತಿಯ ಉದ್ದಕ್ಕೂ ಸಲೀಸಾಗಿ ಜಾರುತ್ತದೆ. ಈ ಕೂರುವ ರೀತಿಯನ್ನು ಕಂಡುಕೊಂಡದ್ದೇ ಗಮಕಕ್ಕಾಗಿ, ಗಮಕ ಕಂಠದ್ದು. ಕಮಾನನ್ನು ಎಲ್ಲಿ ತಿರುಗಿಸಬೇಕು ಎನ್ನುವುದನ್ನು ಕೂಡ ಸಾಹಿತ್ಯ ಎಲ್ಲಿ ಒಡೆಯುತ್ತದೆ ಎಂದು ಬಲ್ಲವನೇ ಹೇಳಬಲ್ಲ. ಹಾಗಾಗಿ ಪಿಟೀಲು ಮೇಷ್ಟರು ಬಾಯಲ್ಲಿ ಹಾಡದೆ ಪಾಠ ಹೇಳುವುದು ಸಾಧ್ಯವಿಲ್ಲ. ಇದಕ್ಕೆ ಚೌಡಯ್ಯನವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅವರು 1910ರಲ್ಲಿ ಹೋಗಿ ಸೇರಿದ ಗುರು ಬಿಡಾರಂ ಕೃಷ್ಣಪ್ಪನವರು ಪಿಟೀಲುಗಾರರಲ್ಲ, ಹಾಡುಗಾರರು. ದಾಸರ ಪದಗಳನ್ನು ಕಛೇರಿಯ ವೇದಿಕೆಗೆ ತಂದು ಹೆಸರಾದವರು. ದಕ್ಷಿಣದ ಹೆಸರಾಂತ ಪಿಟೀಲು ವಿದ್ವಾಂಸರೊಬ್ಬರನ್ನು ತಯಾರು ಮಾಡಿದವರು ಒಬ್ಬ ಗಾಯಕರು ಎಂಬ ಈ ಒಂದು ಸಂಗತಿ ಏಳು ತಂತಿಯ ಮೇಲೆ ನಮ್ಮ ಗಮನ ಎಷ್ಟು ಅನಗತ್ಯವಾಗಿ ಬಿದ್ದಿದೆ ಎಂದು ತೋರಿಸುತ್ತದೆ. ಶಿಷ್ಯನಿಗೆ ದಾಟಿದ್ದು ಮರ, ತಂತಿಗಳ ವಿದ್ಯೆಯಲ್ಲ. ಪಾಠಾಂತರ, ಕಾಲಪ್ರಮಾಣ, ರಾಗವನ್ನು ಎಳೆಯುವ ತಾಳ್ಮೆ. ಚೌಡಯ್ಯ ಮುಂದೆ ವಾಗ್ಗೇಯಕಾರರಾಗಿ ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನು ಕಟ್ಟಿದ್ದು ಕೂಡ ಈ ಬಾಯಿಪಾಠದ ಬುನಾದಿಯ ಮೇಲೆಯೇ.

ಇಲ್ಲಿ ಯಾರಾದರೂ ಕೇಳಬಹುದು: ಇದೆಲ್ಲ ಅರಮನೆಯ ಪ್ರಸಾದವಲ್ಲವೆ? ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಪಿಟೀಲು ನುಡಿಸುತ್ತಿದ್ದರು, ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವಿತ್ತು, ವಿದ್ವಾಂಸರಿಗೆ ಸಂಬಳವಿತ್ತು. ಮೈಸೂರಿನ ಪಿಟೀಲನ್ನು ಬೆಳೆಸಿದ್ದು ದೊರೆಗಳೇ ಹೊರತು ಮೇಷ್ಟರುಗಳಲ್ಲ ಎಂದು. ಈ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕೃಷ್ಣಪ್ಪನವರೇ ಆಸ್ಥಾನದವರು; ಅವರ ಮನೆಯಲ್ಲಿ ಶಿಷ್ಯರು ಉಂಡ ಅನ್ನದಲ್ಲಿ ಅರಮನೆಯ ಪಾಲೂ ಇದ್ದಿರಲೇಬೇಕು. ಆದರೆ ವರ್ಷಗಳನ್ನು ಜೋಡಿಸಿ ನೋಡಿ. ಚೌಡಯ್ಯ ಗುರುವಿನ ಮನೆ ಹೊಕ್ಕಾಗ ಹದಿನೈದರ ಹುಡುಗ. ಆಸ್ಥಾನದ ಗೌರವ ಬಂದಾಗ ನಲವತ್ನಾಲ್ಕರ ಹಿರಿಯ. ಅಷ್ಟರಲ್ಲಿ ಗುರು ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡಿದ್ದರು, ಏಳು ತಂತಿಯ ಪಿಟೀಲಿಗೆ ಹನ್ನೆರಡು ವರ್ಷ ತುಂಬಿತ್ತು. ಚೆಂಬೈ ವೈದ್ಯನಾಥ ಭಾಗವತರ ಹಾಡಿಕೆ, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ, ಚೌಡಯ್ಯನವರ ಪಿಟೀಲು ಎಂಬ ಕೂಟಕ್ಕೆ ಜನ ಮುಗಿಬೀಳುತ್ತಿದ್ದುದು ಅರಮನೆಯ ಚೀಟಿ ನೋಡಿ ಅಲ್ಲ. ಅರಮನೆ ಪಳಗಿದ ವಿದ್ವಾಂಸನನ್ನು ಗುರುತಿಸಿ ಕೂರಿಸಿತು. ಪಳಗಿಸುವ ಕೆಲಸ ಅದಕ್ಕೂ ಎಷ್ಟೋ ವರ್ಷ ಮುಂಚೆ ಗುರುವಿನ ಮನೆಯ ಪಡಸಾಲೆಯಲ್ಲಿ ಮುಗಿದಿತ್ತು. ದೊರೆತನ ಹೋದ ಮೇಲೂ, 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟಿತು. ಅರಮನೆಯೇ ಬೇರಾಗಿದ್ದರೆ ಅದು ಒಣಗಿದಾಗ ಗಿಡವೂ ಒಣಗಬೇಕಿತ್ತು.

ಎರಡನೆಯ ಆಕ್ಷೇಪ ಏಳು ತಂತಿಯ ಕಡೆಯವರದು. ಹೊಸ ವಾದ್ಯ ಇಲ್ಲದಿದ್ದರೆ ಚೌಡಯ್ಯ ಚೌಡಯ್ಯ ಆಗುತ್ತಿದ್ದರೆ? ಬಹುಶಃ ಇಷ್ಟು ಬೇಗ ಆಗುತ್ತಿರಲಿಲ್ಲ. ಮೈಕು ಇಲ್ಲದ ಕಾಲ. ಚೆಂಬೈಯವರಂಥ ಕಂಚಿನ ಕಂಠದ ಪಕ್ಕದಲ್ಲಿ, ತುಂಬಿದ ಚಪ್ಪರದಲ್ಲಿ ನಾಲ್ಕು ತಂತಿಯ ಪಿಟೀಲು ಮುಂದಿನ ನಾಲ್ಕು ಸಾಲು ದಾಟಿದರೆ ಹೆಚ್ಚು. ಆ ಕಷ್ಟಕ್ಕೆ ಅವರು ಕಂಡುಕೊಂಡ ಉಪಾಯ ಜಾಣತನದ್ದು, ಧೈರ್ಯದ್ದು. ಸಂಪ್ರದಾಯಸ್ಥರ ಗೊಣಗಾಟ ಇದ್ದೇ ಇರುತ್ತದೆ ಎಂದು ತಿಳಿದೂ ಮಾಡಿದ್ದು. ಆದರೆ ಉಪಾಯಕ್ಕೆ ಆಯುಸ್ಸು ಕಷ್ಟ ಇರುವಷ್ಟೇ ದಿನ. ಮೈಕು ಬಂತು, ಕಷ್ಟ ಹೋಯಿತು. ಏಳು ತಂತಿಗೆ ಶ್ರುತಿ ಕೂಡಿಸುವುದು ನಾಲ್ಕಕ್ಕೆ ಕೂಡಿಸಿದಷ್ಟು ಸುಲಭವಲ್ಲ, ಜೋಡಿ ತಂತಿಗಳನ್ನು ಒತ್ತುವ ಬೆರಳಿಗೂ ದಣಿವು ಹೆಚ್ಚು. ಚೌಡಯ್ಯನವರ ಶಿಷ್ಯ, ರುದ್ರಪಟ್ಟಣದ ಆರ್. ಆರ್. ಕೇಶವಮೂರ್ತಿಯವರು ಆ ವಾದ್ಯವನ್ನು ಕೊನೆಯವರೆಗೂ ಬಿಡದೆ ನುಡಿಸಿದರು. ಅವರಾದ ಮೇಲೆ ಅದನ್ನು ಹಿಡಿದವರು ಬೆರಳೆಣಿಕೆ. ಹಾಗೆಂದು ಕೇಶವಮೂರ್ತಿಯವರ ಮನೆಯ ಪಾಠ ಅಲ್ಲಿಗೆ ನಿಂತಿತೆ? ಇಲ್ಲ. ನಳಿನಾ ಮೋಹನ್, ಜ್ಯೋತ್ಸ್ನಾ ಶ್ರೀಕಾಂತ್ ಅವರಂಥವರು ಅವರಲ್ಲಿ ಕಲಿತು ಹೊರಬಂದರು, ಜ್ಯೋತ್ಸ್ನಾ ಲಂಡನ್ನಿನವರೆಗೆ ಅದನ್ನು ಒಯ್ದರು. ಚೌಡಯ್ಯನವರ ಇತರ ಶಿಷ್ಯರನ್ನು ನೋಡಿ: ವಿ. ಸೇತುರಾಮಯ್ಯ, ಆರ್. ಕೆ. ವೆಂಕಟರಾಮ ಶಾಸ್ತ್ರಿ, ತಮಿಳುನಾಡಿನ ಕಂಡದೇವಿ ಅಳಗಿರಿಸ್ವಾಮಿ. ಇವರ ಹೆಸರು ನಿಂತಿರುವುದು ತಂತಿಯ ಲೆಕ್ಕದ ಮೇಲಲ್ಲ, ನುಡಿಸಿಕೆಯ ಮೇಲೆ. ವಾದ್ಯ ಹೋಯಿತು, ಪಾಠ ಉಳಿಯಿತು. ಎರಡರಲ್ಲಿ ಯಾವುದು ಮುಖ್ಯ ಎಂಬುದನ್ನು ಕಾಲವೇ ತೀರ್ಮಾನಿಸಿ ಆಗಿದೆ.

ಈ ಶಿಷ್ಯರ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಅಡಗಿದೆ, ಅದನ್ನು ನಮ್ಮಲ್ಲಿ ಯಾಕೋ ಮೆತ್ತಗೆ ಹೇಳುತ್ತಾರೆ. ಚೌಡಯ್ಯ ಒಕ್ಕಲಿಗರ ಮನೆಯ ಹುಡುಗ. ರುದ್ರಪಟ್ಟಣದ ಸಂಗೀತಗಾರರೋ ತಲೆತಲಾಂತರದ ವೈದಿಕ ಮನೆತನದವರು. ಆ ಮನೆತನದ ಮಗ ಗೌಡರ ಮಗನ ಮುಂದೆ ಕೂತು ಪಿಟೀಲು ಕಲಿತದ್ದು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ. ಇದು ಹೇಗೆ ಸಾಧ್ಯವಾಯಿತು? ಒಂದು ಕಾರಣ ವಾದ್ಯದ ಹೊಸತನ. ವೀಣೆಗೆ ವೈಣಿಕರ ವಂಶಗಳಿದ್ದವು, ನಾಗಸ್ವರಕ್ಕೆ ದೇವಸ್ಥಾನದ ಸೇವೆಯ ಕುಲಗಳಿದ್ದವು; ಸಮುದ್ರದಾಚೆಯಿಂದ ಬಂದ ಪಿಟೀಲಿಗೆ ಹುಟ್ಟಿನಿಂದ ಹಕ್ಕುದಾರರು ಯಾರೂ ಇರಲಿಲ್ಲ. ಆದರೆ ಇದನ್ನೇ ಹೆಚ್ಚು ಎಳೆಯಬಾರದು. ವಾದ್ಯ ಮಾತ್ರ ಬಾಗಿಲು ತೆರೆಯುವುದಾಗಿದ್ದರೆ ಒಕ್ಕಲಿಗರ ಊರುಗಳೇ ಆದ ಮಂಡ್ಯ, ಮದ್ದೂರಿನ ಬಯಲಿನಿಂದ ಇನ್ನೂ ಹತ್ತು ಚೌಡಯ್ಯರು ಬರಬೇಕಿತ್ತು. ಬರಲಿಲ್ಲ. ಬಾಗಿಲು ತೆರೆದದ್ದು ವಾದ್ಯವಲ್ಲ, ಗುರು. ಗುರು ತೆರೆದ ಮೇಲೂ ಒಳಗೆ ಹೋಗಲು ಮನೆಯವರು ಮಗನನ್ನು ವರ್ಷಗಟ್ಟಲೆ ಬಿಟ್ಟುಕೊಡಬೇಕಿತ್ತು. ಹೊಲದಲ್ಲಿ ಒಂದು ಕೈ ಕಡಿಮೆಯಾದರೆ ಬೇಸಾಯದ ಮನೆಯಲ್ಲಿ ಅದು ತಕ್ಷಣ ಕಾಣುತ್ತದೆ. ಗುರುಕುಲದಲ್ಲಿ ಊಟ ಸಿಗಬಹುದು, ಸಂಬಳ ಸಿಗುವುದಿಲ್ಲ. ಕಛೇರಿಯ ಸಂಪಾದನೆ ಹತ್ತು ಹದಿನೈದು ವರ್ಷದ ಆಚೆಗಿನ ಮಾತು, ಅದೂ ಬಂದರೆ ಬಂತು. ಆಗಿನ ಮಂಡ್ಯ ಇಂದಿನಂತೆ ನೀರಿನ ಊರೂ ಅಲ್ಲ. ಕನ್ನಂಬಾಡಿಯ ನಾಲೆ ಹರಿದು, 1933ರಲ್ಲಿ ಸಕ್ಕರೆ ಕಾರ್ಖಾನೆ ಎದ್ದ ಮೇಲೆ ಅಲ್ಲಿ ಕೈಯಲ್ಲಿ ಕಾಸು ಆಡತೊಡಗಿದ್ದು. ಅದಕ್ಕೆ ಮುಂಚಿನ ಒಣ ಬೇಸಾಯದ ಮನೆಗೆ ಪಿಟೀಲಿನ ಪಾಠ ಕೈಗೆಟುಕದ ಐಷಾರಾಮವಾಗಿತ್ತು.

ಹಾಗಾದರೆ ಕಾಸು ಬಂದ ಮೇಲೆ ಈ ಊರುಗಳಲ್ಲಿಯೇ ವಿದ್ವಾಂಸರು ಯಾಕೆ ನೆಲೆಸಲಿಲ್ಲ? ಬೆಂಗಳೂರು ಮೈಸೂರು ರೈಲು 1880ರ ದಶಕದಿಂದಲೇ ಮದ್ದೂರು, ಮಂಡ್ಯದ ಮೇಲೆ ಓಡುತ್ತಿತ್ತು. ಎರಡೂ ನಗರಗಳ ಸಂಗೀತಗಾರರು ಪಿಟೀಲಿನ ಪೆಟ್ಟಿಗೆ ಹಿಡಿದು ಈ ನಿಲ್ದಾಣಗಳನ್ನು ಎಷ್ಟು ಸಲ ದಾಟಿರಬೇಕೋ. ದಾಟಿದರು, ಇಳಿದದ್ದು ಕಡಿಮೆ. (ಇಳಿದವರೂ ಮದ್ದೂರಿನಲ್ಲಿ ವಡೆ ಕೊಂಡು ಮತ್ತೆ ಹತ್ತಿದವರೇ ಹೆಚ್ಚು ಎಂದು ನಗೆಯಾಡಬಹುದು.) ಕಾರಣ ಪಕ್ಕವಾದ್ಯ ಎಂಬ ವಿದ್ಯೆಯ ಸ್ವರೂಪ. ಪಿಟೀಲಿನವನ ಕೆಲಸ ಬಹುಪಾಲು ಇನ್ನೊಬ್ಬರ ಹಾಡಿಕೆಯ ಹಿಂದೆ ಹೋಗುವುದು. ಗಾಯಕ ಈ ಗಳಿಗೆಯಲ್ಲಿ ಯಾವ ಸಂಗತಿ ಹಾಕುತ್ತಾನೆ, ನೆರವಲ್ ಎಲ್ಲಿ ಎತ್ತುತ್ತಾನೆ, ಕಲ್ಪನಾಸ್ವರವನ್ನು ಎಲ್ಲಿಗೆ ತಂದು ಬಿಡುತ್ತಾನೆ ಎನ್ನುವುದು ಮೊದಲೇ ಗೊತ್ತಿರುವುದಿಲ್ಲ. ಕೇಳುತ್ತಲೇ ನುಡಿಸಬೇಕು, ಮೇಲೆ ಬೀಳಬಾರದು, ಹಿಂದೆಯೂ ಬೀಳಬಾರದು. ಇದನ್ನು ಮನೆಯಲ್ಲಿ ಎಷ್ಟು ಸಾಧಕ ಮಾಡಿದರೂ ಕಲಿಯಲಾಗದು. ವೇದಿಕೆಯ ಮೇಲೆ ಕೂರಿಸಿದರೆ ಮಾತ್ರ ಬರುವ ವಿದ್ಯೆ. ಕೃಷ್ಣಪ್ಪನವರು ಶಿಷ್ಯನಿಗೆ ಕೊಟ್ಟ ಅತಿ ದೊಡ್ಡ ಪಾಠ ಇದು: ತಾವು ಹಾಡುವಾಗ ಪಕ್ಕದಲ್ಲಿ ಕೂರಿಸಿಕೊಂಡದ್ದು. ಅವರು ಮೈಸೂರಿನಲ್ಲಿ ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದಂಥ ಜಾಗ ಬೇಕು, ಮೇಲಿಂದ ಮೇಲೆ ಕಛೇರಿ ನಡೆಯಬೇಕು, ಬೇರೆ ಬೇರೆ ಬಾನಿಯ ಗಾಯಕರು ಬಂದು ಹೋಗಬೇಕು. ಮಂಡ್ಯದಲ್ಲಿಯೋ ಮಳವಳ್ಳಿಯಲ್ಲಿಯೋ ರಾಮನವಮಿಗೆ, ಗಣೇಶನ ಹಬ್ಬಕ್ಕೆ ವರ್ಷಕ್ಕೆ ನಾಲ್ಕು ಕಛೇರಿ ಆದರೆ ಅದರಲ್ಲಿ ಊರಿನ ಹುಡುಗನಿಗೆ ಕೂರಲು ಸರದಿ ಸಿಗುವುದು ಯಾವಾಗ? ಆದ್ದರಿಂದ ಸಣ್ಣ ಊರಿನ ಮೇಷ್ಟರು ಗೀತೆ, ವರ್ಣ, ಹತ್ತಾರು ಕೃತಿಗಳವರೆಗೆ ತಂದು, ಕೈ ಕುದುರಿದ ಶಿಷ್ಯನನ್ನು ಮೈಸೂರಿಗೋ ಬೆಂಗಳೂರಿಗೋ ಕಳಿಸಿಕೊಡುತ್ತಿದ್ದರು. ಶಿಷ್ಯ ವಿದ್ವಾಂಸನಾದಾಗ ಪರಿಚಯ ಪತ್ರದಲ್ಲಿ ನಗರದ ಗುರುವಿನ ಹೆಸರು ಅಚ್ಚಾಗುತ್ತದೆ. ಬೆರಳನ್ನು ಮೊದಲು ತಂತಿಯ ಮೇಲೆ ಇರಿಸಿದವರ ಹೆಸರು ಅಚ್ಚಾಗುವುದಿಲ್ಲ. ಪುಸ್ತಕಗಳಲ್ಲಿ ಈ ಮೂರು ಊರುಗಳು ಖಾಲಿ ಕಾಣುವುದು ಇಲ್ಲಿ ಪಾಠ ನಡೆಯಲಿಲ್ಲವೆಂದಲ್ಲ, ಪುಸ್ತಕ ಬರೆದವರು ವೇದಿಕೆಯನ್ನು ಮಾತ್ರ ಎಣಿಸಿದರೆಂದು.

ಮೈಸೂರಿನಲ್ಲಿಯೂ ಕೆಲವರು ವೇದಿಕೆಗಿಂತ ಪಾಠವನ್ನೇ ಮುಂದಿಟ್ಟು ಬದುಕಿದರು, ಅವರ ಬೆಲೆ ಶಿಷ್ಯರ ಮೂಲಕ ತಿಳಿಯಿತು. ನಾಗರಾಜ್ ಮತ್ತು ಮಂಜುನಾಥ್ ಸೋದರರ ಜೋಡಿ ಪಿಟೀಲನ್ನು ಜಗತ್ತು ಕೇಳಿದೆ. ಅವರನ್ನು ಎಳವೆಯಿಂದ ತಿದ್ದಿದ ತಂದೆ ಎಸ್. ಮಹದೇವಪ್ಪನವರ ಹೆಸರು ಸಂಗೀತದ ಮನೆಗಳ ಹೊರಗೆ ಅಷ್ಟು ಹರಡಿಲ್ಲ. ಚೌಡಯ್ಯನವರೇ ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ತೆರೆದರು. ಆ ಕೆಲಸವನ್ನು ಅವರ ಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತೇವೆ, ಅದೇ ಅವರು ‘ವಾಣಿ’ ಸಿನಿಮಾ ತೆಗೆದದ್ದಕ್ಕೆ ಒಂದು ಪುಟ ಕೊಡುತ್ತೇವೆ. ಗುರುವಿನ ಮನೆಯಲ್ಲಿ ಕಲಿತವರೊಬ್ಬರು ತಾವಾಗಿ ಶಾಲೆ ತೆರೆದದ್ದು ಸಣ್ಣ ತಿರುವಲ್ಲ. ತಮಗೆ ಸಿಕ್ಕ ರೀತಿಯ ಪಾಠ ಎಲ್ಲರಿಗೂ ಸಿಗುವಂಥದ್ದಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಗುರುಕುಲವನ್ನು ಹೀಗೆ ಎತ್ತಿ ಹಿಡಿಯುವುದು ಅದರ ಬೈಗುಳ, ಏಟು, ಮನೆಗೆಲಸದ ಜೀತ, ಹೆಣ್ಣುಮಕ್ಕಳಿಗೆ ಮುಚ್ಚಿದ ಬಾಗಿಲು ಇವನ್ನೆಲ್ಲ ಮರೆತಂತಲ್ಲವೆ ಎಂಬ ಪ್ರಶ್ನೆ ನ್ಯಾಯವಾದದ್ದು. ಮರೆಯಬಾರದು. ಒಬ್ಬ ಚೌಡಯ್ಯ ಬಂದದ್ದನ್ನು ನಾವು ಎಣಿಸುತ್ತೇವೆ; ಏಟು ತಾಳಲಾರದೆ ಊರಿಗೆ ಓಡಿ ಹೋದವರನ್ನು, ಸೇರುವುದಕ್ಕೇ ಆಗದ ಹುಡುಗಿಯರನ್ನು ಎಣಿಸಿದವರಿಲ್ಲ. ನನ್ನ ವಾದ ಗುರುಕುಲದ ಕಟ್ಟಳೆಯ ಪರವಾಗಿಯಲ್ಲ, ಪಾಠ ಎಂಬ ಕೆಲಸದ ಪರವಾಗಿ. ಆ ಕೆಲಸ ಗುರುಕುಲ ಹೋದ ಮೇಲೂ ನಡೆಯಿತು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸಂಗೀತ ನೃತ್ಯ ಕಾಲೇಜನ್ನು ತೆರೆಯಿತು. ಅದಕ್ಕಿಂತ ಹೆಚ್ಚಾಗಿ ಸಣ್ಣ ಊರುಗಳ ಬದುಕನ್ನು ಬದಲಿಸಿದ್ದು ಸರ್ಕಾರದ ಸಂಗೀತ ಪರೀಕ್ಷೆಗಳು: ಜೂನಿಯರ್, ಸೀನಿಯರ್, ವಿದ್ವತ್. ಬಹಳ ಕಾಲ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಇವನ್ನು ನಡೆಸಿತು, ಈಚೆಗೆ ಗಂಗೂಬಾಯಿ ಹಾನಗಲ್ ಹೆಸರಿನ ವಿಶ್ವವಿದ್ಯಾಲಯಕ್ಕೆ ಆ ಹೊಣೆ ಹೋಗಿದೆ. ಇದರಿಂದ ಮಂಡ್ಯದ ಬಡಾವಣೆಯ ಮನೆಯಲ್ಲಿ ಸಂಜೆ ಪಾಠ ಹೇಳುವ ಪಿಟೀಲು ಮೇಷ್ಟರಿಗೆ ಒಂದು ಪಠ್ಯಕ್ರಮ ಸಿಕ್ಕಿತು, ಶಾಲೆ ಮುಗಿಸಿ ಬರುವ ಹುಡುಗಿಗೆ ಮನೆ ಬಿಡದೆ ಕಲಿಯುವ ದಾರಿ ಸಿಕ್ಕಿತು, ಅಪ್ಪ ಅಮ್ಮಂದಿರಿಗೆ ತೋರಿಸಲು ಒಂದು ಪತ್ರ ಸಿಕ್ಕಿತು. ಹತ್ತು ವರ್ಷ ಮಗನನ್ನು ಬಿಟ್ಟುಕೊಡಲಾರದ ಮನೆ ವಾರಕ್ಕೆ ಎರಡು ಸಂಜೆ ಬಿಟ್ಟುಕೊಡಬಲ್ಲದು.

ಪರೀಕ್ಷೆಯ ಪಾಠ ಸಂಗೀತವನ್ನು ಕೆಡಿಸಿತು ಎಂದು ವಿದ್ವಾಂಸರು ಗೊಣಗುವುದುಂಟು. ಪಟ್ಟಿಯಲ್ಲಿರುವ ಕೃತಿಗಳನ್ನು ಒಪ್ಪಿಸಿ ಅಂಕ ತೆಗೆದವರಿಗೆ ಪಕ್ಕದಲ್ಲಿ ಯಾರಾದರೂ ಗೊತ್ತಿಲ್ಲದ ಕೃತಿ ಎತ್ತಿದರೆ ಕಮಾನು ನಿಂತುಬಿಡುತ್ತದೆ ಎನ್ನುತ್ತಾರೆ. ದೂರು ನಿಜ, ಆದರೆ ಗುರಿ ತಪ್ಪಿದೆ. ಪಕ್ಕವಾದ್ಯ ಬಾರದಿರುವುದು ಪರೀಕ್ಷೆಯಿಂದಲ್ಲ, ಕೂರಲು ವೇದಿಕೆ ಇಲ್ಲದ್ದರಿಂದ. ಆ ಕೊರತೆ 1910ರಲ್ಲಿಯೂ ಇತ್ತು, ಈಗಲೂ ಇದೆ. ಜೂನಿಯರ್, ಸೀನಿಯರ್ ದಾಟಿದ ಮದ್ದೂರಿನ ಹುಡುಗಿ ವಿದ್ವತ್ ಪಾಠಕ್ಕೆ ಇಂದಿಗೂ ಮೈಸೂರಿನ ರೈಲನ್ನೇ ಹತ್ತಬೇಕು. ಕೃಷ್ಣಪ್ಪನವರು ಮಾಡಿದಂತೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡುವವರು ಅವಳ ಊರಿಗೆ ಬರಬೇಕಾದರೆ ಅಲ್ಲಿ ತಿಂಗಳಿಗೊಂದಾದರೂ ಕಛೇರಿ ನಡೆಯಬೇಕು. ಅದು ಪರೀಕ್ಷಾ ಮಂಡಳಿಯ ಕೈಯಲ್ಲಿರುವ ಕೆಲಸವಲ್ಲ. ಊರಿನ ರಾಮೋತ್ಸವ ಸಮಿತಿಗಳ, ಗಣಪತಿ ಪೆಂಡಾಲಿನವರ, ಸಂಗೀತ ಸಭೆಗಳ ಕೆಲಸ.